ಬೆಂಕಿಪುರದ ಪದಕೋಶ

ಕಳೆದ ಮಳೆಗಾಲದ ಒಂದು ಶನಿವಾರ ತರಗತಿಗಳನ್ನು ಮುಗಿಸಿ ವಿಭಾಗದ ಕೋಣೆಯಲ್ಲಿ ಕುಳಿತಿದ್ದೆ. ಎಪ್ಪತ್ತು ದಾಟಿದ ಹೆಂಗಸರೊಬ್ಬರು ಬಟ್ಟೆಯ ಚೀಲವೊಂದನ್ನು ಎದೆಗವಚಿಕೊಂಡು ಬಾಗಿಲಲ್ಲಿ ಬಂದು ನಿಂತರು. ಭದ್ರಾವತಿಯಿಂದ ಬಸ್ಸು ಹಿಡಿದು ಬಂದವರು. ಸೆರಗು ನೆನೆದಿತ್ತು, ಚೀಲ ಮಾತ್ರ ಒಣಗಿಯೇ ಇತ್ತು.

“ಮೇಷ್ಟ್ರೇ, ನಮ್ಮ ಯಜಮಾನ್ರು ಬರೆದಿದ್ದು ಇದು. ಕಂಪ್ಯೂಟರಿಗೆ ಹಾಕಿದ್ರೆ ಈಗ ಏನೇನೋ ಬರುತ್ತೆ. ಅಂಗಡಿಯವರು ಕೆಟ್ಟುಹೋಗಿದೆ, ಬಿಸಾಕಿ ಅಂದ್ರು. ಕನ್ನಡ ಪಾಠ ಹೇಳೋರಿಗೆ ಓದೋಕಾದೀತೇನೋ ಅಂತ ಬಂದೆ” ಎಂದರು.

ಚೀಲದಲ್ಲಿ ಎರಡು ಸಿ.ಡಿ.ಗಳೂ, ದಾರದಿಂದ ಕಟ್ಟಿದ 186 ಹಾಳೆಗಳೂ ಇದ್ದುವು. ಅವರ ಪತಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಎರಕದ ವಿಭಾಗದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದವರು. ನಿವೃತ್ತರಾದ ಮೇಲೆ, ಕುಲುಮೆಯ ಮುಂದೆ ತಾವೂ ತಮ್ಮ ಜೊತೆಗಾರರೂ ಆಡಿದ ಮಾತುಗಳನ್ನು ನೆನೆನೆನೆದು, ಅಕಾರಾದಿಯಾಗಿ ಜೋಡಿಸಿ, ‘ಕಾರ್ಖಾನೆಯ ಕನ್ನಡ’ ಎಂಬ ಒಂದು ಪದಕೋಶವನ್ನು ರಚಿಸಿದ್ದರು. ಮಗನ ಕಂಪ್ಯೂಟರಿನಲ್ಲಿ ಒಂದೊಂದೇ ಕೀಲಿಯನ್ನು ಹುಡುಕಿ ಒತ್ತಿ ನಾಲ್ಕು ವರ್ಷ ಬೆರಳಚ್ಚು ಮಾಡಿದರಂತೆ. ಮುದ್ರಣದ ಯೋಗ ಒದಗುವ ಮುನ್ನವೇ ತೀರಿಕೊಂಡರು.

ಭದ್ರಾವತಿಗೆ ಬೆಂಕಿಪುರವೆಂಬ ಹಳೆಯ ಹೆಸರೊಂದುಂಟು. ಊರಿನಲ್ಲಿ ಕಾರ್ಖಾನೆ ತಲೆಯೆತ್ತುವುದಕ್ಕೆ ಬಹಳ ಮೊದಲೇ ಆ ಹೆಸರು ಇದ್ದಿತೆಂಬುದು ಸೋಜಿಗದ ಸಂಗತಿ. 1923ರ ಜನವರಿಯಲ್ಲಿ ಅಲ್ಲಿಯ ಊದುಕುಲುಮೆಯಿಂದ ಬೀಡುಕಬ್ಬಿಣ ಹರಿಯಲಾರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರಗಳ ಇದ್ದಲು, ವಿಶ್ವೇಶ್ವರಯ್ಯನವರ ಆಡಳಿತದ ಬಿಗಿ, ಈ ಮೂರೂ ಕೂಡಿ ಒಂದು ಊರೇ ಬೆಳೆಯಿತು. ಊರಿನ ಜೊತೆಗೆ ಒಂದು ನುಡಿಯೂ ಬೆಳೆಯಿತೆಂಬುದನ್ನು ನಮ್ಮ ನಿಘಂಟುಕಾರರು ಅಷ್ಟಾಗಿ ಗಮನಿಸಿದಂತಿಲ್ಲ. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬಿದ ಹೊತ್ತಿಗೆ, ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಪ್ರಕಟವಾಯಿತು. ಕಾರ್ಮಿಕರು ಧರಣಿ ಹೂಡಿದರು. ಕುಲುಮೆಯ ಮುಂದಣ ಮಾತು ಕುಲುಮೆ ಆರಿದ ಮೇಲೆ ಎಷ್ಟು ದಿನ ಉಳಿದೀತು? ಆ ಚೀಲವನ್ನು ನಾನು ಬೇಡವೆನ್ನಲಾರದೆ ಹೋದುದಕ್ಕೆ ಇದೇ ಕಾರಣ.

ಮೊದಲನೆಯ ಸಿ.ಡಿ.ಗೆ ಗೀರುಗಳು ಬಿದ್ದು ಯಂತ್ರಕ್ಕೆ ಅದನ್ನು ಓದಲಾಗಲಿಲ್ಲ. ಎರಡನೆಯದು ತೆರೆಯಿತು, ಆದರೆ ಪರದೆಯ ಮೇಲೆ ಕಂಡುದು ಕನ್ನಡವಲ್ಲ. ‘ಕನ್ನಡ’ ಎಂಬ ಪದವಿರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಬ್ರಿಟಿಷರ ಪೌಂಡು ನಾಣ್ಯದ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನರ ಒಂದು ಸಕಾರ, ಒಂದು ಚಿಕ್ಕ ‘ಕ್ಯೂ’, ಕೊನೆಗೆ ಮತ್ತೊಂದು ‘ಎ’. ಅಂಗಡಿಯವನು ಕೆಟ್ಟುಹೋಗಿದೆಯೆಂದುದರಲ್ಲಿ ಆಶ್ಚರ್ಯವಿಲ್ಲ.

ವಾಸ್ತವವಾಗಿ ಏನೂ ಕೆಟ್ಟಿರಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನಾವೆಲ್ಲರೂ ಬೆರಳಚ್ಚು ಮಾಡುತ್ತಿದ್ದುದು ಹೀಗೆಯೇ. ಯಂತ್ರವು ಲ್ಯಾಟಿನ್ ಅಕ್ಷರಗಳನ್ನಷ್ಟೇ ಬಲ್ಲುದು. ನಮ್ಮ ಅಕ್ಷರಶೈಲಿಯು ಆ ಒಂದೊಂದು ಅಕ್ಷರದ ಮುಖಕ್ಕೂ ಕನ್ನಡದ ಒಂದೊಂದು ತುಣುಕಿನ ಮುಖವಾಡವನ್ನು ತೊಡಿಸುತ್ತಿದ್ದಿತು. ಪೌಂಡಿನ ಚಿಹ್ನೆ ನಕಾರದ ಒಡಲಾಗುತ್ತಿದ್ದಿತು, ಜರ್ಮನರ ಸಕಾರ ನಮ್ಮ ನಕಾರದ ಒತ್ತಾಗುತ್ತಿದ್ದಿತು. ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಕಡತವನ್ನು ಒಯ್ದರೆ ಮುಖವಾಡ ಕಳಚಿ ಬೀಳುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತದ ಸ್ಥಾನ ದೊರೆತಿದ್ದಿತು. ಆದರೂ ನಮ್ಮ ಕಚೇರಿ, ಕಾಲೇಜು, ಮುದ್ರಣಾಲಯಗಳು ಮುಖವಾಡದ ಕನ್ನಡವನ್ನು ಬಿಡಲು ಇನ್ನೂ ಹಲವು ವರ್ಷಗಳು ಹಿಡಿದುವು. ಪೂರ್ತಿಯಾಗಿ ಬಿಟ್ಟಿವೆಯೆಂದು ಈಗಲೂ ಹೇಳಲಾರೆ.

ಇಂಥ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಕೆಲವು ತರುಣರು ಬರೆದು, ಮೂಲಪಾಠ ಸಹಿತವಾಗಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ಮೇಲುನೋಟಕ್ಕೆ ಇದು ಒಂದಕ್ಷರದ ಜಾಗದಲ್ಲಿ ಇನ್ನೊಂದನ್ನು ಇಡುವ ಕೆಲಸ. ಒಳಹೊಕ್ಕು ನೋಡಿದರೆ ಸ್ವಾರಸ್ಯವಿದೆ. ‘ಕಾರ್ಖಾನೆ’ ಎಂಬ ಪದವನ್ನೇ ತೆಗೆದುಕೊಳ್ಳಿ. ನಾವು ಉಚ್ಚರಿಸುವಾಗ ರೇಫ ಮೊದಲು, ಖಕಾರ ಆಮೇಲೆ. ಬರೆಯುವಾಗ ಖಾ ಮೊದಲು, ಅರ್ಕ ಆಮೇಲೆ. ಹಳೆಯ ಕಡತಗಳು ಕೈಬರಹದ ಕ್ರಮವನ್ನು ಅನುಸರಿಸಿದುವು. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಹಿಡಿಯಿತು. ಆದುದರಿಂದ ಪರಿವರ್ತಕವು ಅರ್ಕವನ್ನು ಕಂಡೊಡನೆ ಹಿಂದಿರುಗಿ ನಡೆದು, ಆ ಗುಣಿತಾಕ್ಷರ ಎಲ್ಲಿ ಆರಂಭವಾಯಿತೆಂದು ಹುಡುಕಿ, ಅದರ ಮುಂದೆ ರೇಫವನ್ನು ನಿಲ್ಲಿಸಬೇಕು. ಮಕಾರದ ಪಾಡು ಇನ್ನೊಂದು ಬಗೆಯದು. ಅದು ವಕಾರಕ್ಕೆ ಒಂದು ಬಾಲವನ್ನು ಅಂಟಿಸಿ ಮಾಡಿದ್ದಾದುದರಿಂದ, ಬಾಲವನ್ನು ನೋಡುವ ಮೊದಲೇ ಅವಸರಪಟ್ಟರೆ ‘ಮನೆ’ ‘ವನೆ’ಯಾದೀತು. ಶಬ್ದಮಣಿದರ್ಪಣದಲ್ಲಿ ಸಂಧಿಯ ಸೂತ್ರಗಳನ್ನು ಪಾಠ ಹೇಳುವವನಿಗೆ, ಯಾವ ನಿಯಮ ಮೊದಲು ಯಾವುದು ಆಮೇಲೆ ಎಂಬ ಈ ಚರ್ಚೆ ತವರುಮನೆಯ ಮಾತಿನಂತೆ ಕೇಳಿಸಿತು.

ಅರ್ಧ ಗಂಟೆಯಲ್ಲಿ ಚಕಾರದಿಂದ ಹಕಾರದವರೆಗಿನ ಪದಗಳೆಲ್ಲ ಕನ್ನಡವಾಗಿ ಎದ್ದು ನಿಂತುವು. ಅಕಾರದಿಂದ ಘಕಾರದವರೆಗಿನ ಭಾಗ ಮಾತ್ರ ಗೀರುಬಿದ್ದ ಸಿ.ಡಿ.ಯಲ್ಲಿ ಸಿಲುಕಿತ್ತು. ಅದಕ್ಕೆ ಉಳಿದ ಆಧಾರವೆಂದರೆ ಆ 186 ಹಾಳೆಗಳು.

ಇಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರವೇಶಿಸುತ್ತಾನೆ. ಭದ್ರಾವತಿಯ ನ್ಯೂಟೌನಿನ ಹುಡುಗ. ಅವನ ಅಜ್ಜನೂ ಅದೇ ಕಾರ್ಖಾನೆಯಲ್ಲಿದ್ದವರು. ನನ್ನಲ್ಲಿ ಐಚ್ಛಿಕ ಕನ್ನಡ ಓದಿ, ಯಾವ ದಾರಿಯಿಂದಲೋ ಬೆಂಗಳೂರಿನ ತಂತ್ರಾಂಶದ ಉದ್ಯೋಗಕ್ಕೆ ಸೇರಿದವನು. ವಾರದ ಕೊನೆಗೆ ಊರಿಗೆ ಬಂದಾಗ ಸಂಗತಿಯನ್ನು ತಿಳಿಸಿದೆ. ಅವನು ಹಾಳೆಗಳನ್ನು ತಿರುವಿ, “ಸಾರ್, ಇದನ್ನ ಟೆಸೆರಾಕ್ಟ್ ಓದುತ್ತೆ. ಆದರೆ ನಿಮ್ಮ ಲ್ಯಾಬಿನಲ್ಲಿರೋದು ಹಳೆಯದು. ಹೊಸದನ್ನ ಸೋರ್ಸಿನಿಂದ ಕಟ್ಟಬೇಕು” ಎಂದ.

ಟೆಸೆರಾಕ್ಟ್ ಎಂಬುದು ಮುದ್ರಿತ ಪುಟದ ಚಿತ್ರವನ್ನು ನೋಡಿ ಅಕ್ಷರಗಳನ್ನು ಗುರುತಿಸುವ ತಂತ್ರಾಂಶ. 1985ರಿಂದ ಹತ್ತು ವರ್ಷಗಳ ಕಾಲ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಬೆಳೆದು, ಆಮೇಲೆ ಕಪಾಟು ಸೇರಿ, 2005ರಲ್ಲಿ ಮೂಲಪಾಠ ಸಹಿತ ಲೋಕಕ್ಕೆ ಬಿಡುಗಡೆಯಾಯಿತು. 2018ರ ನಾಲ್ಕನೆಯ ಆವೃತ್ತಿಯಿಂದ ಅದು ಕಲಿಯುವ ರೀತಿಯೇ ಬದಲಾಯಿತು. ಬಿಡಿ ಅಕ್ಷರದ ಬದಲು ಇಡೀ ಸಾಲನ್ನು ಒಮ್ಮೆಗೆ ನೋಡುವುದನ್ನು ಕಲಿತುದರಿಂದ ಕನ್ನಡದ ಒತ್ತು, ದೀರ್ಘ, ಗುಡಿಸುಗಳ ಜಡೆಯನ್ನು ಬಿಡಿಸುವ ಶಕ್ತಿ ಅದಕ್ಕೆ ಹೆಚ್ಚಿತು. 2021ರಲ್ಲಿ ಐದನೆಯ ಆವೃತ್ತಿ ಬಂದಿತು. ನಮ್ಮ ಪ್ರಯೋಗಶಾಲೆಯ ಹನ್ನೆರಡು ಯಂತ್ರಗಳ ಭಂಡಾರದಲ್ಲಿದ್ದುದು ನಾಲ್ಕನೆಯದು.

‘ಸೋರ್ಸಿನಿಂದ ಕಟ್ಟುವುದು’ ಎಂದರೇನೆಂಬುದನ್ನು ಸಾಹಿತ್ಯದ ಓದುಗರಿಗೆ ಹೇಳಲು ಭದ್ರಾವತಿಗಿಂತ ತಕ್ಕ ಊರು ಬೇರೆಯಿಲ್ಲ. ಮನುಷ್ಯನು ಓದಿ ತಿದ್ದಬಹುದಾದ ಭಾಷೆಯಲ್ಲಿ ಬರೆದ ತಂತ್ರಾಂಶದ ರೂಪವೇ ಸೋರ್ಸ್. ನಾನು ಅದನ್ನು ಮೂಲಪಾಠವೆನ್ನುತ್ತೇನೆ. ಯಂತ್ರ ಅದನ್ನು ಹಾಗೆಯೇ ನುಂಗಲಾರದು. ಕಂಪೈಲರ್ ಎಂಬ ಕುಲುಮೆಗೆ ಹಾಕಿ ಕರಗಿಸಿದಾಗ, ಸೊನ್ನೆ ಒಂದುಗಳ ಬೀಡು ಹರಿದು ಬರುತ್ತದೆ. ಯಂತ್ರಕ್ಕೆ ಬೇಕಾದುದು ಆ ಬೀಡು. ನಾವು ಅಂಗಡಿಯಿಂದ ಕೊಳ್ಳುವ ತಂತ್ರಾಂಶಗಳಲ್ಲಿ ಬಹುಪಾಲು ಬೀಡಿನ ರೂಪದಲ್ಲಿಯೇ ದೊರೆಯುತ್ತವೆ. ಅದಿರು ಒಡೆಯನ ಉಗ್ರಾಣದಲ್ಲಿರುತ್ತದೆ. ಅದಿರೂ ಎಲ್ಲರಿಗೆ ದೊರೆಯಬೇಕೆಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಸಾರಿದನು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಲಿನಕ್ಸನ್ನು ಹೊರತಂದನು. ಆ ಪರಂಪರೆಯ ಫಲವೇ ಇಂದು ನಮ್ಮ ಪ್ರಯೋಗಶಾಲೆಯಲ್ಲಿಯೂ ಇದೆ.

ಮೊದಲ ದಿನ ನಾವು ಕೈಯಿಂದಲೇ ಕಟ್ಟಹೊರಟೆವು. ಮೊದಲಿಗೆ ‘ಕಾನ್ಫಿಗರ್’ ಎಂಬ ಒಂದು ಆದೇಶ. ಅದು ಹೆಣ್ಣು ನೋಡಲು ಬಂದ ಹಿರಿಯರಂತೆ ಯಂತ್ರವನ್ನು ನೂರಾರು ಪ್ರಶ್ನೆ ಕೇಳುತ್ತದೆ: ಕಂಪೈಲರ್ ಉಂಟೆ? ಗಣಿತದ ಗ್ರಂಥಾಲಯ ಉಂಟೆ? ಈ ಕಡತ ಉಂಟೆ, ಆ ಕಡತ ಉಂಟೆ? ಉತ್ತರಗಳು ಹೌದು, ಇಲ್ಲ, ಹೌದು, ಹೌದು, ಇಲ್ಲವೆಂದು ಪರದೆಯ ಮೇಲೆ ಓಡುತ್ತಿದ್ದುವು. ನನಗೆ ಓದಲು ಪುರುಸೊತ್ತಾಗಲಿಲ್ಲ. ಅವನಿಗೆ ಓದುವ ತಾಳ್ಮೆ ಇರಲಿಲ್ಲ. ಟೆಸೆರಾಕ್ಟಿಗೆ ಲೆಪ್ಟಾನಿಕಾ ಎಂಬ ಇನ್ನೊಂದು ತಂತ್ರಾಂಶ ಬೇಕು. ಚಿತ್ರವನ್ನು ತೆರೆದು ಶುದ್ಧಿಮಾಡಿಕೊಡುವ ಕೆಲಸ ಅದರದು. ತುಂಗೆ ಭದ್ರೆಗಳು ಕೂಡ್ಲಿಯಲ್ಲಿ ಕೂಡಿದ ಮೇಲೆಯೇ ತುಂಗಭದ್ರೆ. ಹಾಗೆ ಲೆಪ್ಟಾನಿಕಾ ಮೊದಲು, ಟೆಸೆರಾಕ್ಟ್ ಆಮೇಲೆ. ಎರಡನ್ನೂ ಕಟ್ಟಿದೆವು. ಎಲ್ಲಿಯೂ ತಪ್ಪು ತೋರಲಿಲ್ಲ. ಸಂತೋಷದಿಂದ ಮೊದಲ ಹಾಳೆಯ ಚಿತ್ರವನ್ನು ಕೊಟ್ಟರೆ, ಈ ಬಗೆಯ ಚಿತ್ರವನ್ನು ಓದುವ ಕ್ರಿಯೆಯೇ ತನ್ನಲ್ಲಿಲ್ಲವೆಂದು ತಂತ್ರಾಂಶ ಕೈಯಾಡಿಸಿಬಿಟ್ಟಿತು.

ಒಂದು ಇಡೀ ಸಂಜೆ ಇದಕ್ಕೆ ಹೋಯಿತು. ಕೊನೆಗೆ ತಿಳಿದುಬಂದುದಿಷ್ಟು: ಪಿ.ಎನ್.ಜಿ. ಎಂಬ ಚಿತ್ರವಿಧಾನವನ್ನು ತಿಳಿಸುವ ಕಡತಗಳು ನಮ್ಮ ಯಂತ್ರದಲ್ಲಿರಲಿಲ್ಲ. ಲೆಪ್ಟಾನಿಕಾ ಅದನ್ನು ಕೇಳಿತ್ತು, ‘ಇಲ್ಲ’ವೆಂಬ ಉತ್ತರ ಬಂದಿತ್ತು, ಹಾಗಾದರೆ ಅದಿಲ್ಲದೆಯೇ ಆಗಲಿ ಎಂದು ಸದ್ದಿಲ್ಲದೆ ಮುಂದುವರಿದಿತ್ತು. ಹುಡುಗನ ಸ್ವಂತ ಯಂತ್ರದಲ್ಲಿ ಆ ಕಡತಗಳು ಯಾವುದೋ ಕಾಲದಿಂದ ಇದ್ದುದರಿಂದ ಅಲ್ಲಿ ಎಲ್ಲವೂ ಸರಿಯಾಗಿತ್ತು. “ನನ್ನ ಮಷೀನಿನಲ್ಲಿ ನಡೀತಿತ್ತಲ್ಲ ಸಾರ್” ಎಂದು ಮುಖ ಸಣ್ಣದು ಮಾಡಿದ. ಆ ಉದ್ಯೋಗದವರೆಲ್ಲ ದಿನಕ್ಕೊಮ್ಮೆಯಾದರೂ ಈ ಮಾತನ್ನು ಹೇಳುತ್ತಾರಂತೆ. ಅಡಿಗೆಯನ್ನು ತನ್ನ ಮನೆಯಲ್ಲಿ ಮಾಡುವವಳು ಒಗ್ಗರಣೆಗೆ ಇಂಗು ಬೇಕೆಂದು ಬರೆದಿಡುವುದಿಲ್ಲ. ಕೈಗೆಟುಕುವಲ್ಲಿಯೇ ಅದು ಇರುತ್ತದೆ. ಅದೇ ಅಡಿಗೆಯನ್ನು ಸೊಸೆಗೆ ಓಲೆ ಬರೆದು ತಿಳಿಸುವಾಗಲೇ ಇಂಗಿನ ನೆನಪಾಗಬೇಕಾದುದು.

ಹನ್ನೆರಡು ಯಂತ್ರಗಳಲ್ಲಿ ಹನ್ನೆರಡು ಸಲ ಈ ಪಾಡು ಬೇಡವೆಂದು ಅವನು ಬಿಲ್ಡ್ ಸ್ಕ್ರಿಪ್ಟ್ ಬರೆಯಲು ಕುಳಿತ. ಮೂಲಪಾಠವನ್ನು ಎಲ್ಲಿಂದ ತರಬೇಕು, ಅದು ನಿಜವಾದುದೆಂದು ಹೇಗೆ ಪರೀಕ್ಷಿಸಬೇಕು, ಕಟ್ಟುವ ಮುನ್ನ ಏನೇನು ಸಿದ್ಧವಿರಬೇಕು, ಯಾವ ಕ್ರಮದಲ್ಲಿ ಕಟ್ಟಬೇಕು, ಕಟ್ಟಿದುದನ್ನು ಎಲ್ಲಿ ಇಡಬೇಕು, ಇವಿಷ್ಟನ್ನೂ ಯಂತ್ರವೇ ಓದಿ ನಡೆಸುವಂತೆ ಬರೆದಿಡುವ ಓಲೆ ಅದು. ನಾನು ಅದಕ್ಕೆ ‘ಕಟ್ಟೋಲೆ’ ಎಂಬ ಹೆಸರಿಟ್ಟೆ. ಹುಡುಗ ನಕ್ಕ; ಆದರೆ ಎರಡು ವಾರಗಳ ಮೇಲೆ ಅವನ ಬಾಯಲ್ಲಿಯೂ ಅದೇ ಮಾತು ಬರುತ್ತಿದ್ದಿತು. ಹೊಸ ಪದಕ್ಕೆ ಇದಕ್ಕಿಂತ ಹೆಚ್ಚಿನ ಮನ್ನಣೆಯನ್ನು ನಾನು ಬಯಸುವವನಲ್ಲ.

ನಮ್ಮ ಯಂತ್ರಗಳು ಡೆಬಿಯನ್ ಸಂಪ್ರದಾಯದವು. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಎಂಬ ಯುವಕ ಆರಂಭಿಸಿದ ಈ ಯೋಜನೆಗೆ, ಅವನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಸಮಾಸ ಮಾಡಿ ನಾಮಕರಣವಾಯಿತು. ಈ ಸಂಪ್ರದಾಯದಲ್ಲಿ ಕಟ್ಟೋಲೆಯು ಹಲವು ಕಡತಗಳ ಒಂದು ಕಟ್ಟು. ‘ಕಂಟ್ರೋಲ್’ ಎಂಬುದರಲ್ಲಿ ಅವಲಂಬನೆಗಳ ಪಟ್ಟಿ. ನಮ್ಮ ಇಂಗು ಬಿದ್ದುದು ಇಲ್ಲಿಯೇ. ‘ಕಾಪಿರೈಟ್’ ಎಂಬುದರಲ್ಲಿ ಯಾವ ಕಡತ ಯಾರದು, ಯಾವ ಷರತ್ತಿನ ಮೇಲೆ ಹಂಚಬಹುದು ಎಂಬ ಲೆಕ್ಕ. ‘ಚೇಂಜ್‌ಲಾಗ್’ ಎಂಬುದರಲ್ಲಿ ಯಾವ ದಿನ ಯಾರು ಏನನ್ನು ಬದಲಿಸಿದರು ಎಂಬ ದಿನಚರಿ. ‘ರೂಲ್ಸ್’ ಎಂಬುದು ಕಟ್ಟುವ ವಿಧಿ. ಈ ವಿಧಿಯನ್ನು ಬರೆಯುವ ‘ಮೇಕ್’ ಎಂಬ ಸಾಧನವನ್ನು 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದನು. ಇದರಲ್ಲಿ ಆದೇಶದ ಸಾಲು ಟ್ಯಾಬ್ ಎಂಬ ಕೀಲಿಯ ಅಂತರದಿಂದಲೇ ಆರಂಭವಾಗಬೇಕು. ಎಂಟು ಖಾಲಿ ಜಾಗ ಬಿಟ್ಟರೆ ಕಣ್ಣಿಗೆ ಒಂದೇ ಆಗಿ ಕಂಡರೂ ಯಂತ್ರ ಒಪ್ಪದು. ಇದು ಅನುಕೂಲವಲ್ಲವೆಂದು ಫೆಲ್ಡ್‌ಮನ್ನನಿಗೆ ಬೇಗನೆ ತಿಳಿಯಿತಂತೆ. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಗೆಳೆಯರು ಬಳಸತೊಡಗಿದ್ದರು. ಅವರಿಗೆ ತೊಂದರೆ ಕೊಡಬಾರದೆಂದು ಹಾಗೆಯೇ ಬಿಟ್ಟನು. ಆ ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕಾಗಿ ಐವತ್ತು ವರ್ಷಗಳಿಂದ ಲೋಕವೆಲ್ಲ ಟ್ಯಾಬ್ ಒತ್ತುತ್ತಿದೆ. ನಾನೂ ಒಂದು ಸಾಲನ್ನು ತಿದ್ದಲು ಹೋಗಿ ಈ ಅಂತರಕ್ಕೆ ಸಿಕ್ಕಿ ಒಂದು ಗಂಟೆ ಒದ್ದಾಡಿದೆ.

ಓಲೆ ಸಿದ್ಧವಾದ ಮೇಲೆ ಅದನ್ನು ಪರೀಕ್ಷಿಸುವ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು. ಯಂತ್ರದೊಳಗೆ ಏನೂ ಇಲ್ಲದ ಒಂದು ಹೊಸ ಕೋಣೆಯನ್ನು ಮಾಡಿ, ಓಲೆಯಲ್ಲಿ ಹೆಸರಿಸಿದ ವಸ್ತುಗಳನ್ನಷ್ಟೇ ಒಳಗೆ ಬಿಟ್ಟು, ಅಲ್ಲಿ ಕಟ್ಟಿಸುತ್ತಾರೆ. ಹೊರಗಿನದು ಯಾವುದೂ ಒಳಗೆ ಸುಳಿಯುವಂತಿಲ್ಲ. ನಮ್ಮ ಅಜ್ಜಿಯ ಮಡಿ ಅಡಿಗೆಮನೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಡಿಕೋಣೆಯಲ್ಲಿ ಮೂರು ಸಲ ಸೋತು ನಾಲ್ಕನೆಯ ಸಲ ಓಲೆ ಗೆದ್ದಿತು. ಪ್ರತಿ ಸೋಲೂ ನಾವು ಬರೆಯಲು ಮರೆತಿದ್ದ ಒಂದೊಂದು ಹೆಸರನ್ನು ತೋರಿಸಿಕೊಟ್ಟಿತು. ಅಂದಿನಿಂದ ಆ ಪೊಟ್ಟಣವನ್ನು ಯಾವ ಯಂತ್ರಕ್ಕೆ ಕೊಟ್ಟರೂ ಒಂದೇ ಆದೇಶಕ್ಕೆ ಕುಳಿತುಕೊಳ್ಳುತ್ತದೆ. ಬೇಡವಾದರೆ ಒಂದೇ ಆದೇಶಕ್ಕೆ ಕಸರಿಲ್ಲದೆ ಎದ್ದುಹೋಗುತ್ತದೆ.

ಇಂಥ ಓಲೆಗಳನ್ನು ಬರೆಯುವವರ ಹೆಸರು ಬಳಸುವವರಿಗೆ ತಿಳಿಯುವುದೇ ಇಲ್ಲ. ಡೆಬಿಯನ್ನಿನ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಕನ್ನಡದ ಅಕ್ಷರಶೈಲಿಗಳು ಇವೆ. ಅಕ್ಷರಶೈಲಿಗೂ ಮೂಲಪಾಠವುಂಟು, ಅದನ್ನೂ ಕಟ್ಟಬೇಕು, ಪೊಟ್ಟಣ ಮಾಡಬೇಕು. ಯಾರೋ ಕುಳಿತು ಆ ಓಲೆಯನ್ನು ಬರೆದುದರಿಂದ, ಲೋಕದ ಯಾವ ಮೂಲೆಯ ಯಂತ್ರವಾದರೂ ಒಂದು ಮಾತಿಗೆ ಕನ್ನಡದ ಅಕ್ಷರಗಳನ್ನು ತೊಟ್ಟುಕೊಳ್ಳಬಲ್ಲುದು. ಅಕ್ಷರವನ್ನು ಬಿಡಿಸಿದ ಕಲಾವಿದನನ್ನು ಕೊಂಡಾಡುತ್ತೇವೆ, ಸರಿ. ಓಲೆ ಬರೆದವನಿಗೂ ಒಂದು ಪಾಲು ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ತಾಳೆಗರಿಗಳ ಲಿಪಿಕಾರರ ಗತಿಯೂ ಹೀಗೆಯೇ ಅಲ್ಲವೆ?

ಲಿಪಿಕಾರರ ಪ್ರಸ್ತಾಪ ಬಂದುದರಿಂದ ಇನ್ನೊಂದು ವಿಷಯವನ್ನು ಹೇಳಬೇಕು. ನಾನು ಸ್ನಾತಕೋತ್ತರ ತರಗತಿಗಳಿಗೆ ಗ್ರಂಥಸಂಪಾದನೆಯನ್ನು ಪಾಠ ಹೇಳಿದವನು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಮುಂದಿಟ್ಟುಕೊಂಡು, ಒಂದು ಪ್ರತಿಯ ದೋಷ ಅದರಿಂದ ಇಳಿದ ಪ್ರತಿಗಳಿಗೆಲ್ಲ ಹೇಗೆ ಹರಡುತ್ತದೆಂದು ವಿವರಿಸುವುದು ನನ್ನ ಕಸುಬು. ಆದುದರಿಂದ ಹುಡುಗನನ್ನು ಒಂದು ಪ್ರಶ್ನೆ ಕೇಳಿದೆ: “ಮೂಲಪಾಠ ಶುದ್ಧವಾಗಿದೆಯಪ್ಪ, ಒಪ್ಪಿದೆ. ಕಟ್ಟುವ ಓಲೆಯಲ್ಲಿಯೇ ಯಾರಾದರೂ ಪ್ರಕ್ಷೇಪ ಸೇರಿಸಿದರೆ?”

ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದುದು 2024ರ ಮಾರ್ಚಿನ ಒಂದು ಘಟನೆ. ಕಡತಗಳನ್ನು ಕುಗ್ಗಿಸಿಡುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವೊಂದುಂಟು. ಲಿನಕ್ಸಿನ ಬಹುತೇಕ ಯಂತ್ರಗಳಲ್ಲಿ ಅದು ಇರುತ್ತದೆ. ದಣಿದಿದ್ದ ಒಬ್ಬನೇ ಒಬ್ಬ ಅದನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದ. ಜಿಯಾ ಟಾನ್ ಎಂದು ಹೆಸರಿಟ್ಟುಕೊಂಡವರೊಬ್ಬರು ಸುಮಾರು ಎರಡು ವರ್ಷ ವಿನಯದಿಂದ ನೆರವಾಗಿ, ನಂಬಿಕೆ ಗಳಿಸಿ, ಕೊನೆಗೆ ಭಂಡಾರದ ಬೀಗದ ಕೈಯನ್ನೇ ಪಡೆದರು. 5.6.0 ಮತ್ತು 5.6.1 ಎಂಬ ಆವೃತ್ತಿಗಳಲ್ಲಿ ಒಂದು ಕಳ್ಳಬಾಗಿಲನ್ನು ಇಟ್ಟರು. ಅದನ್ನು ಇಟ್ಟ ರೀತಿಯನ್ನು ಗಮನಿಸಬೇಕು. ವಿಷದ ಸರಕು ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಅಡಗಿದ್ದಿತು. ಅದನ್ನು ಎತ್ತಿ ಕುಲುಮೆಗೆ ಹಾಕುವ ಸಾಲುಗಳು ಕಟ್ಟೋಲೆಯಲ್ಲಿದ್ದುವು. ಆ ಸಾಲುಗಳೂ ಎಲ್ಲರೂ ನೋಡುವ ಮೂಲಪಾಠದ ಭಂಡಾರದಲ್ಲಿರಲಿಲ್ಲ. ಹಂಚಲು ಕಟ್ಟಿದ ಗಂಟಿನಲ್ಲಿ ಮಾತ್ರ ಇದ್ದುವು. ಮೂಲವನ್ನು ಎಷ್ಟು ಸಲ ಓದಿದರೂ ಸಿಗದ ಕಳ್ಳತನ!

ಅದು ಸಿಕ್ಕಿಬಿದ್ದ ಬಗೆ ಇನ್ನೂ ಸೋಜಿಗದ್ದು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞನಿಗೆ ತನ್ನ ಯಂತ್ರದಲ್ಲಿ ದೂರದಿಂದ ಒಳಪ್ರವೇಶಿಸುವ ಕ್ರಿಯೆ ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಕಂಡಿತು. ಅರ್ಧ ಸೆಕೆಂಡು! ಬೇರೆ ಯಾರಾದರೂ ಇದ್ದಿದ್ದರೆ ಕಾಫಿ ಕುಡಿದು ಮರೆಯುತ್ತಿದ್ದರು. ಅವನು ಬಿಡದೆ ಹಿಂದಿನ ಹೆಜ್ಜೆಗಳನ್ನು ಹಿಡಿದು ಹೋಗಿ, ಮಾರ್ಚ್ 29ರಂದು ಲೋಕಕ್ಕೆ ಸಾರಿದನು. ಆ ಆವೃತ್ತಿಗಳು ಡೆಬಿಯನ್ನಿನ ಪರೀಕ್ಷಾರ್ಥದ ಭಂಡಾರವನ್ನು ಸೇರಿದ್ದುವು. ಸಾಮಾನ್ಯರು ಬಳಸುವ ಸ್ಥಿರ ಆವೃತ್ತಿಯನ್ನು ಇನ್ನೂ ಮುಟ್ಟಿರಲಿಲ್ಲ. ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚಾದುದನ್ನು ಕಿವಿಯಿಂದಲೇ ಹಿಡಿದು, ಇಲ್ಲಿ ಪಾಠ ಕೆಟ್ಟಿದೆಯೆಂದು ಹೇಳಬಲ್ಲ ಹಿರಿಯ ವಿದ್ವಾಂಸರನ್ನು ನಾನು ಕಂಡಿದ್ದೇನೆ. ಫ್ರಾಯಿಂಡನ ಕಿವಿಯೂ ಅಂಥದೇ ಇರಬೇಕು.

ಈ ಭಯ ಹೊಸದೂ ಅಲ್ಲ. ಯೂನಿಕ್ಸಿನ ಕರ್ತೃಗಳಲ್ಲಿ ಒಬ್ಬನಾದ ಕೆನ್ ಥಾಂಪ್‌ಸನ್ 1984ರಲ್ಲಿ ಪ್ರಕಟವಾದ ತನ್ನ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದನು. ಕಂಪೈಲರೇ ಕೆಟ್ಟಿದ್ದರೆ? ಅದು ತಾನು ಕಟ್ಟುವ ಮುಂದಿನ ಕಂಪೈಲರಿಗೂ ಅದೇ ರೋಗವನ್ನು ಅಂಟಿಸಿ, ಮೂಲಪಾಠದಲ್ಲಿ ಅದರ ಗುರುತೇ ಉಳಿಯದಂತೆ ಮಾಡಬಹುದೆಂದು ತೋರಿಸಿದನು. ಇದಕ್ಕೆ ಪರಿಹಾರವನ್ನು ಹುಡುಕುತ್ತ 2013ರ ಸುಮಾರಿಗೆ ಡೆಬಿಯನ್ನಿನವರು ಒಂದು ವ್ರತವನ್ನು ಹಿಡಿದರು. ಒಂದೇ ಮೂಲಪಾಠವನ್ನು, ಒಂದೇ ಓಲೆಯಿಂದ, ಬೇರೆ ಬೇರೆಯವರು ಬೇರೆ ಬೇರೆ ಕಡೆ ಕಟ್ಟಿದರೂ ಫಲದಲ್ಲಿ ಒಂದು ಬಿಟ್ಟಿನ ಭೇದವೂ ಬರಬಾರದು. ಹಾಗಾದಾಗ ಒಬ್ಬನ ಕುಲುಮೆಯಲ್ಲಿ ಮೋಸವಿದ್ದರೆ ಉಳಿದವರ ಬೀಡಿನೊಡನೆ ಹೋಲಿಸಿದೊಡನೆ ಬಯಲಾಗುತ್ತದೆ. ಕೇಳಲು ಸುಲಭ, ನಡೆಸಲು ಕಷ್ಟ. ಕಟ್ಟಿದ ದಿನಾಂಕವನ್ನು ತಂತ್ರಾಂಶ ತನ್ನೊಳಗೆ ಬರೆದುಕೊಂಡರೆ ಸಾಕು, ಇಂದಿನದಕ್ಕೂ ನಾಳೆಯದಕ್ಕೂ ಹೋಲಿಕೆ ತಪ್ಪುತ್ತದೆ. ನಮ್ಮ ಪೊಟ್ಟಣವನ್ನೂ ಹುಡುಗ ಭದ್ರಾವತಿಯ ತನ್ನ ಮನೆಯಲ್ಲಿ ಒಮ್ಮೆ, ಶಿವಮೊಗ್ಗದ ನಮ್ಮ ಪ್ರಯೋಗಶಾಲೆಯಲ್ಲಿ ಒಮ್ಮೆ ಕಟ್ಟಿದನು. ಎರಡರ ಮೊತ್ತದ ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನಾನೇ ಒಂದೊಂದನ್ನೂ ಓದಿದೆ, ಅವನು ‘ಹೂಂ’ ಎನ್ನುತ್ತ ಹೋದ. ಅರವತ್ತನಾಲ್ಕು ಚಿಹ್ನೆಗಳು, ಒಂದೂ ತಪ್ಪಲಿಲ್ಲ. ಹಿಂದಿನ ಲಿಪಿಕಾರರು ಮೂವತ್ತೆರಡಕ್ಷರಕ್ಕೆ ಒಂದು ಗ್ರಂಥವೆಂದು ಎಣಿಸಿ ಓಲೆಯ ಕೊನೆಗೆ ಸಂಖ್ಯೆಯನ್ನು ಬರೆಯುತ್ತಿದ್ದುದು ನೆನಪಾಯಿತು.

ಇಷ್ಟೆಲ್ಲ ಏತಕ್ಕೆ, ಅಂತರ್ಜಾಲದ ಯಾವುದಾದರೂ ಉಚಿತ ಸೇವೆಗೆ ಹಾಳೆಗಳ ಚಿತ್ರವನ್ನು ಒಪ್ಪಿಸಿದರೆ ಅರೆಗಳಿಗೆಯಲ್ಲಿ ಆಗುತ್ತಿರಲಿಲ್ಲವೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಆಗುತ್ತಿದ್ದಿತು. ಆದರೆ ಆ ತಾಯಿ ಚೀಲವನ್ನು ಕೊಡುವಾಗ, “ಇದು ಎಲ್ಲೆಲ್ಲಿಗೋ ಹೋಗೋದು ಬೇಡ ಮೇಷ್ಟ್ರೇ, ಮೊದಲು ನಮ್ಮೂರಿನವರು ನೋಡಲಿ” ಎಂದಿದ್ದರು. ಅಲ್ಲದೆ ಇಂದಿನ ಉಚಿತ ಸೇವೆ ನಾಳೆ ಇರುವುದೆಂಬ ಭರವಸೆಯೇನು? ಮುಖವಾಡದ ಕನ್ನಡದಿಂದ ಒಮ್ಮೆ ಪೆಟ್ಟು ತಿಂದವರು ನಾವು.

ದಸರೆಯ ರಜೆ ಕಳೆದ ಮೇಲೆ ಹನ್ನೆರಡು ಮಂದಿ ವಿದ್ಯಾರ್ಥಿಗಳು ಹನ್ನೆರಡು ಯಂತ್ರಗಳ ಮುಂದೆ ಕುಳಿತು ಹಾಳೆಗಳನ್ನು ಹಂಚಿಕೊಂಡರು. ಟೆಸೆರಾಕ್ಟ್ ಓದಿದುದನ್ನು ಮೂಲದೊಡನೆ ಹೋಲಿಸಿ ತಿದ್ದುವುದು ಅವರ ಕೆಲಸ. ಅದು ಚೆನ್ನಾಗಿಯೇ ಓದಿತು. ಆದರೆ ಸವೆದ ಹಾಳೆಗಳಲ್ಲಿ ಗುಡಿಸನ್ನು ನುಂಗುತ್ತಿದ್ದಿತು, ಒತ್ತಕ್ಷರಗಳಲ್ಲಿ ಎಡವುತ್ತಿದ್ದಿತು. ಹುಡುಗಿಯೊಬ್ಬಳು ‘ಶಿಫ್ಟು’ ಎಂಬುದು ಕಾರ್ಮಿಕರ ಬಾಯಲ್ಲಿ ‘ಸಿಪ್ಟು’ ಆದುದನ್ನು ಯಂತ್ರದ ತಪ್ಪೆಂದು ಬಗೆದು ತಿದ್ದಿಬಿಟ್ಟಿದ್ದಳು. ಪಂಡಿತ ಲಿಪಿಕಾರನೇ ಪಾಠಕ್ಕೆ ಹೆಚ್ಚಿನ ಅಪಾಯಕಾರಿಯೆಂದು ತರಗತಿಯಲ್ಲಿ ಹೇಳುತ್ತಿದ್ದ ಮಾತಿಗೆ ಅಂದು ಉದಾಹರಣೆ ಕಣ್ಣೆದುರಿಗೇ ಒದಗಿತು.

ಕಳೆದ ತಿಂಗಳು ಅಲ್ಲಿಯವರೆಗೆ ಸಿದ್ಧವಾದ ಪ್ರತಿಯನ್ನು ಹಿಡಿದು ಹುಡುಗನೂ ನಾನೂ ಭದ್ರಾವತಿಯ ಹಳೇನಗರದಲ್ಲಿರುವ ಅವರ ಮನೆಗೆ ಹೋದೆವು. ಹುಡುಗನನ್ನು ಕಂಡು, ನಿಮ್ಮಜ್ಜ ನಮ್ಮ ಮನೆಗೆ ಬರುತ್ತಿದ್ದರು ಎಂದು ಅವರು ಕಾಫಿಗಿಟ್ಟರು. ‘ಕಾಪಿರೈಟ್’ ಕಡತದ ಅಭ್ಯಾಸದಿಂದಲೋ ಏನೋ, ಪದಕೋಶವನ್ನು ಎಲ್ಲರೂ ಓದಿ ಹಂಚುವಂತೆ ಬಿಡಲು ಒಪ್ಪಿಗೆಯೇ ಅಜ್ಜಿ ಎಂದು ಹುಡುಗ ಮೊದಲು ಅದನ್ನೇ ಕೇಳಿದ. ಅವರು ಕನ್ನಡಕ ಹುಡುಕುತ್ತ, “ಮೊದಲು ಓದು ಮಗಾ, ಸರಿಯಾಗಿ ಬಂದಿದೆಯೋ ನೋಡೋಣ” ಎಂದರು.

ಹುಡುಗ ಕಕಾರದ ಪುಟವನ್ನು ತೆಗೆದು ಓದಿದ: “ಕಟ್ಟ. ಕುಲುಮೆಯಲ್ಲಿ ಕಬ್ಬಿಣ ಕರಗುವಾಗ ಮೇಲೆ ತೇಲುವ ಕಸ.”

“ಕಟ್ಟ ಅಲ್ಲ, ಕಿಟ್ಟ” ಎಂದರು ಅಜ್ಜಿ. “ಯಾರು ಬರೆದ್ರೋ ಅದನ್ನ. ಮೂವತ್ತು ವರ್ಷ ಅವರ ಅಂಗಿಯಿಂದ ಉದುರಿಸಿ ಒಗೆದೋಳು ನಾನು.”

ಹುಡುಗ ಅಲ್ಲಿಯೇ ಗುಡಿಸನ್ನು ಸೇರಿಸಿ, ಚೇಂಜ್‌ಲಾಗಿನಲ್ಲಿ ದಿನಾಂಕವನ್ನು ಹಾಕಿ, ತಿದ್ದಿದವರ ಹೆಸರೆಂಬ ಕಡೆ ಅವರ ಹೆಸರನ್ನು ಬರೆದ. ಆಮೇಲೆ ಮುಂದಿನ ಪದವನ್ನು ಓದಿದ. ಕತ್ತಲಾಗುವವರೆಗೆ ಗಕಾರ ಮುಟ್ಟಿದೆವು.